ಎಡಕ್ಕೆ ಸುತ್ತಿದ ಕಾಲೊರಸು

ಜೂನ್ 9

ನನ್ನ ಗುಂಡಿಗೆ,

ನಿನ್ನ ಕಾಗದ ಬಂತು. ಒಡೆಯುವ ಮೊದಲು ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿ ವಾಸನೆ. ಅಂಗಡಿಯಲ್ಲೇ ಕೂತು ಬರೆದಿದ್ದಾಳೆ ಅಂದುಕೊಂಡೆ. ಆಮೇಲೆ ಓದಿದರೆ ಅಲ್ಲಿ ಕೂರುವ ಹಾಗೇ ಇಲ್ಲವಂತೆ! ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರಬೇಕಂತೆ. ಮನೆಯಲ್ಲಿ ಎರಡು ಪಾತ್ರೆ ತೊಳೆಯುವಷ್ಟರಲ್ಲಿ 'ಕಾಲು ನೋವು' ಅಂತ ಸ್ಟೂಲು ಎಳೆದುಕೊಳ್ಳುತ್ತಿದ್ದವಳು ನೀನು. ಸಂಬಳ ಅಂದರೆ ಕಾಲಿಗೂ ಬುದ್ಧಿ ಬರುತ್ತದೆ ಅಂತಾಯಿತು.

ಫೋನು ಮಾಡಮ್ಮ ಅಂತ ಬರೆದಿದ್ದೀಯ. ಮನೆಗೆಲ್ಲ ಇರುವುದು ಒಂದು ಫೋನು. ಅದು ನಿಮ್ಮಪ್ಪನ ಕಟಿಂಗ್ ಅಂಗಡಿಯಲ್ಲಿ ಕನ್ನಡಿಯ ಮುಂದೆ ಕೂತಿರುತ್ತದೆ. ನಾನು ನಿನ್ನನ್ನು 'ಊಟ ಆಯ್ತಾ' ಅಂತ ಕೇಳಿದರೆ ಅರ್ಧ ಗಡ್ಡ ಬೋಳಿಸಿಕೊಂಡವನು 'ಏನಂತೆ ಊಟ?' ಅಂತ ತಿರುಗುತ್ತಾನೆ. ಅದಕ್ಕೇ ಕಾಗದ. ಶಾಯಿ ಕಲೆಸಿಹೋಗಿದ್ದರೆ ಬೈಯಬೇಡ. ಎಡಗೈಯವಳ ಬರಹ, ಬೆರಳು ಬರೆಯುತ್ತಾ ಮುಂದೆ ಹೋದ ಹಾಗೆ ಅಂಗೈ ಹಿಂದಿನಿಂದ ಒರೆಸುತ್ತಾ ಬರುತ್ತದೆ. 'ನಿನ್ನ ಕಾಗದ ಓದೋದಕ್ಕಿಂತ ನಿನ್ನ ಅಂಗೈ ಓದೋದು ಸುಲಭ' ಅಂತಾರೆ ನಿಮ್ಮಪ್ಪ.

ನಿನಗೆ ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದು ಬೀದಿಗೆಲ್ಲ ಗೊತ್ತಾಗಿದೆ. ನಿಮ್ಮಪ್ಪ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಾರೆ: 'ಅಮ್ಮ ಟೈಲರು, ಮಗಳು ಶತ್ರುಪಾಳಯ ಸೇರಿದಳು.' ನಗುತ್ತಾರೆ. ನಾನೂ ನಗುತ್ತೇನೆ. ಆದರೂ ಹೊಲಿಗೆ ಯಂತ್ರದ ಮುಂದೆ ಕೂತಾಗ ಆ ಅಂಗಡಿಯ ಮೇಲೆ ಒಂದು ಚಿಟಿಕೆ ಹೊಟ್ಟೆ ಉರಿಯುತ್ತದೆ. ಮೊದಲು ನನ್ನ ಗಿರಾಕಿಗಳನ್ನು ಎಳೆದುಕೊಂಡಿತು. ಈಗ ಮಗಳನ್ನು.

ಚಪ್ಪಲಿ ಮೆತ್ತಗಿರುವುದು ತಗೋ.

ನಿನ್ನ,
ಅಮ್ಮ


ಜೂನ್ 22

ಅಮ್ಮಾ,

ಚಪ್ಪಲಿ ತಗೊಂಡೆ. ಆದರೂ ಸಂಜೆಗೆ ಪಾದ ಎರಡೂ ನನ್ನವಲ್ಲ ಅನ್ನಿಸುತ್ತೆ.

ನನ್ನನ್ನು ಅಂಗಿಗಳ ವಿಭಾಗಕ್ಕೆ ಹಾಕಿದ್ದಾರೆ. ಕೆಲಸ ಏನು ಗೊತ್ತಾ? ಮಡಿಸೋದು. ಗಿರಾಕಿ ಬಿಚ್ಚಿ ನೋಡಿ ಹಾಗೇ ಬಿಟ್ಟುಹೋದ ಅಂಗಿಯನ್ನು ರಟ್ಟಿನ ಮೇಲಿಟ್ಟು ಮಡಿಸಿ, ಕಾಲರು ಎಬ್ಬಿಸಿ, ಮತ್ತೆ ಜೋಡಿಸೋದು. ಜೋಡಿಸಿ ಮುಗಿಯೋ ಹೊತ್ತಿಗೆ ಇನ್ನೊಬ್ಬರು ಬಂದು ಎಲ್ಲಕ್ಕಿಂತ ಕೆಳಗಿನದ್ದನ್ನೇ ಎಳೀತಾರೆ. ನಮ್ಮ ಮೇಲ್ವಿಚಾರಕರಿಗೆ ನಾವೆಲ್ಲ ಇಟ್ಟ ಹೆಸರು 'ಸ್ಕೇಲು'. ಜೇಬಲ್ಲಿ ನಿಜವಾದ ಸ್ಕೇಲು ಇಟ್ಟುಕೊಂಡು ಮಡಿಕೆ ಅಳೀತಾರೆ. ನೆಟ್ಟಗೆ ನಗೋದೂ ಅವರಿಗೆ ಬರುತ್ತೆ ಅಂತ ಮೊನ್ನೆ ಗೊತ್ತಾಯ್ತು. ನಾನು ಮಡಿಸಿದ ಸಾಲು ನೋಡಿ 'ಯಾರ ಮನೆ ಹುಡುಗಿ?' ಅಂದರು. 'ಟೈಲರ್ ಮನೆ' ಅಂದೆ. 'ಹಾಗಂದ್ರೆ ಸರಿ' ಅಂತ ನಕ್ಕರು.

ರೂಮು ಚೆನ್ನಾಗಿದೆ. ಮಹಡಿ ಮೇಲೆ ಒಂದು ಕಿಟಕಿ, ಒಂದು ಮಂಚ, ಒಂದು ಒಲೆ. ಕೆಳಗೆ ಮನೆ ಯಜಮಾನಿ ಒಬ್ಬರೇ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿ ಆದವರು. ಬೀದಿಯವರೆಲ್ಲ ಅವರನ್ನ ದೊಡ್ಡಮ್ಮ ಅಂತಾರೆ, ನಾನೂ ಹಾಗೇ ಅಂತೀನಿ.

ಒಂದು ಸುದ್ದಿ ಕೇಳಿದರೆ ನಗ್ತೀಯ. ನಮ್ಮ ಅಂಗಡಿಯ ಆಲ್ಟರೇಷನ್ ಟೈಲರು ಪ್ಯಾಂಟಿನ ಉದ್ದ ಕತ್ತರಿಸಿ ತುಂಡುಗಳನ್ನು ಬುಟ್ಟಿಗೆ ಎಸೀತಾರೆ. ಒಳ್ಳೊಳ್ಳೆ ಬಟ್ಟೆ! ನೋಡಿ ಜೀವ ತಡೀಲಿಲ್ಲ, ಕೇಳಿ ಮನೆಗೆ ತಂದೆ. ದೊಡ್ಡಮ್ಮ ನೋಡಿ 'ಕಾಲೊರಸು ಮಾಡೋಣ ಬಾ' ಅಂದರು. ಈಗ ದಿನಾ ಕೆಲಸದಿಂದ ಬಂದಮೇಲೆ ಅವರ ಮೆಟ್ಟಿಲ ಮೇಲೆ ಕೂತು ಪಟ್ಟಿ ಹರಿದು, ಜಡೆ ಹಾಕಿ, ಸುತ್ತಿ ಹೊಲೀತೀನಿ. ಇಡೀ ದಿನ ಬೇರೆಯವರು ಮಾಡಿದ್ದನ್ನ ಮಡಿಸಿದ ಕೈಗೆ ತಾನೇ ಏನಾದರೂ ಮಾಡಬೇಕು ಅನ್ನಿಸುತ್ತೆ ನೋಡು.

ಅಪ್ಪನಿಗೆ ಹೇಳು, ಇಲ್ಲಿ ಯಾರ ಕಟಿಂಗೂ ಅಪ್ಪನ ಥರ ಇಲ್ಲ.

ನಿನ್ನ,
ಗುಂಡಿ


ಜುಲೈ 3

ಗುಂಡಿಗೆ,

ನನಗೊಬ್ಬಳು ಅಕ್ಕ ಇದ್ದಾಳೆ ಅಂತ ನನಗೇ ಗೊತ್ತಿರಲಿಲ್ಲ. ನಮ್ಮಮ್ಮ ಸಾಯುವಾಗಲೂ ಹೇಳಲಿಲ್ಲ. ನೀನು ಮನೆ ಬಿಟ್ಟು ಹೋಗಿ ತಿಂಗಳಾಗುವುದರೊಳಗೆ ನನಗೊಬ್ಬಳು ಅಕ್ಕನನ್ನು ಹುಡುಕಿದೆಯಲ್ಲ, ದೊಡ್ಡ ಉಪಕಾರ.

ಸುದ್ದಿ ಕೇಳಿದರೆ ನಗ್ತೀಯ ಅಂತ ಬರೆದಿದ್ದೀಯ. ಬಹಳ ನಕ್ಕೆ. ಮಗ್ಗುಲಲ್ಲಿ ಕೂರಿಸಿಕೊಂಡು ಜಡೆ ಹಾಕುವುದು ಹೇಗೆ, ಸುತ್ತುವುದು ಹೇಗೆ, ಸೂಜಿ ಎಲ್ಲಿ ತೂರಿಸುವುದು ಅಂತ ನಾನು ತೋರಿಸಿದಾಗ ಎದ್ದು ಓಡುತ್ತಿದ್ದವಳು ಯಾರು? ದಾರ ಗಂಟಾಯಿತು ಅಂತ ಇಡೀ ಸುರುಳಿಯನ್ನು ಹಿತ್ತಲಿಗೆ ಎಸೆದವಳು ಯಾರು? ಹಾಲುಹಲ್ಲಿನ ವಯಸ್ಸಿನಲ್ಲಿ ಗಿರಾಕಿಯ ಕೋಟಿನ ಗುಂಡಿ ನುಂಗಿ ಹೆಸರು ಸಂಪಾದಿಸಿದ್ದು ಬಿಟ್ಟರೆ ನನ್ನ ಹೊಲಿಗೆಯಿಂದ ನೀನು ಒಳಗೆ ತೆಗೆದುಕೊಂಡದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಈಗ ಯಾರದೋ ಮೆಟ್ಟಿಲ ಮೇಲೆ ಕೂತು ಅದೇ ಕಾಲೊರಸು! ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದರೇ?

ನನ್ನಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದು ಮನೆಯ ಹಿತ್ತಲಲ್ಲಿ ಒಂದು ಬಾವಿ. ಆ ಮನೆಯ ಮಗಳಿಗೆ ಅದರ ನೀರು ಸಪ್ಪೆ. ಕೊಡ ಹೊತ್ತುಕೊಂಡು ಊರಾಚೆಯ ಬಾವಿಗೆ ಹೋಗುತ್ತಿದ್ದಳಂತೆ. ಹಿತ್ತಲ ಬಾವಿ ನೋಡಿತು, ನೋಡಿತು, ಒಂದು ದಿನ ಮುನಿಸಿಕೊಂಡು ಬತ್ತಿಹೋಯಿತಂತೆ. ಮಗಳು ಬಂದು ಇಣುಕಿದರೆ ಒಳಗಿನಿಂದ ಬಾವಿ ಕೇಳಿತಂತೆ: 'ಯಾರಮ್ಮಾ ನೀನು, ದಾರಿ ತಪ್ಪಿ ಬಂದೆಯಾ?'

ಇದನ್ನು ನಿಮ್ಮಪ್ಪನಿಗೆ ಹೇಳಿದೆ. 'ಬಾವಿ ಬತ್ತೋದು ಮುನಿಸಿಗಲ್ಲ ಕಣೇ, ಯಾರೂ ಸೇದದೇ ಇದ್ರೆ ಹೂಳು ತುಂಬಿ ಬತ್ತುತ್ತೆ' ಅಂದರು. ಅವರ ಬಾಯಿಗೆ ಕತ್ತರಿ ಹಾಕುವವರು ಯಾರೂ ಇಲ್ಲ, ಕತ್ತರಿ ಇರುವುದೇ ಅವರ ಕೈಯಲ್ಲಿ.

ಆ ಯಜಮಾನಿ ಚೆನ್ನಾಗಿ ಹೊಲಿಯುತ್ತಾರೋ? ನನಗಿಂತ?

ನಿನ್ನ ಸ್ವಂತ,
ಅಮ್ಮ


ಜುಲೈ 20

ಅಮ್ಮಾ,

ಅವರ ಹೊಲಿಗೆ ಬೇರೆ, ನಿನ್ನದು ಬೇರೆ. ಅವರದು ಆಸ್ಪತ್ರೆ ಹೊಲಿಗೆ, ಗಾಯ ಮುಚ್ಚೋ ಹಾಗೆ ಬಿಗಿ. ಸಾಕಾ?

ತಡವಾಗಿ ಬರೀತಿರೋದಕ್ಕೆ ಕಾರಣ ಇದೆ. ಸ್ಕೇಲು ಸಾಹೇಬರು ಒಂದು ದಿನ ನನ್ನ ಚೀಲದಿಂದ ಇಣುಕ್ತಿದ್ದ ಕಾಲೊರಸು ನೋಡಿದರು. ಬೈತಾರೆ ಅಂದುಕೊಂಡೆ. ಹೊರಗೆ ತೆಗೆಸಿ, ನೆಲದ ಮೇಲೆ ಹಾಸಿ, ಸ್ಕೇಲಿಟ್ಟು ಅಳೆದು, 'ಅಂಗಡಿ ಬಾಗಿಲ ಪಕ್ಕ ಒಂದು ಕಪಾಟು ಖಾಲಿ ಇದೆ. ಕೈಕೆಲಸದ ಸಾಮಾನಿಗೆ ಕೊಡಬೇಕು ಅಂತ ಮೇಲಿನವರು ಹೇಳಿದ್ದಾರೆ. ಸೆಪ್ಟೆಂಬರ್ ಮುಗಿಯೋದರೊಳಗೆ ತುಂಬಿಸೋಕೆ ಆಗುತ್ತಾ? ಆಗದಿದ್ರೆ ಮೇಣದಬತ್ತಿ ಮಾಡೋರಿಗೆ ಕೊಡ್ತೀನಿ' ಅಂದರು. ಆಗುತ್ತೆ ಅಂದುಬಿಟ್ಟೆ. ಅಮ್ಮಾ, ಬಾಗಿಲ ಪಕ್ಕ! ಒಳಗೆ ಬರೋರೆಲ್ಲ ಮೊದಲು ನೋಡೋದು ಅದನ್ನೇ. ಅದರ ಮೇಲೆ ಚೀಟಿ ಹಾಕ್ತಾರಂತೆ, 'ನಮ್ಮ ಸಿಬ್ಬಂದಿಯ ಕೈಕೆಲಸ' ಅಂತ.

ಆದರೆ ನನ್ನ ಕೈ ನಿಧಾನ. ದೊಡ್ಡಮ್ಮ ಒಂದು ಮುಗಿಸೋ ಹೊತ್ತಿಗೆ ನನ್ನದು ಅರ್ಧ. ರಜೆ ದಿನವೂ ಕೂತೇ ಇರ್ತೀನಿ. ಅದಕ್ಕೇ ಮನೆಗೆ ಬರೋಕೆ ಆಗ್ತಿಲ್ಲ. ಬಟ್ಟೆಯೂ ಸಾಲ್ತಿಲ್ಲ, ಪ್ಯಾಂಟಿನ ತುಂಡೆಲ್ಲ ಕಪ್ಪು, ಬೂದಿ ಬಣ್ಣ. ಅಟ್ಟದ ಮೇಲೆ ನೀನು ಕಟ್ಟಿಟ್ಟ ಹಳೇಬಟ್ಟೆ ಗಂಟು ಇದೆಯಲ್ಲ, ಅದನ್ನ ಬಸ್ಸಿಗೆ ಹಾಕಿ ಕಳಿಸ್ತೀಯಾ? ಅದರಲ್ಲಿ ಎಂಥಾ ಬಣ್ಣಗಳಿವೆ!

ನಿನ್ನ,
ಗುಂಡಿ


ಜುಲೈ 31

ಗುಂಡಿಗೆ,

ಕಳಿಸುವುದಿಲ್ಲ.

ಆ ಗಂಟಿನಲ್ಲಿ ಏನಿದೆ ಅಂತ ನಿನಗೆ ಗೊತ್ತಿದ್ದರೆ ಕೇಳುತ್ತಿರಲಿಲ್ಲ. ನೀನು ಮೊದಲ ದಿನ ಶಾಲೆಗೆ ಹಾಕಿಕೊಂಡು ಹೋದ ನೀಲಿ ಲಂಗ ಇದೆ. ನಿಮ್ಮಪ್ಪ ಅಂಗಡಿ ತೆರೆದ ದಿನ ಗಿರಾಕಿಯ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಇದೆ. ನಿನಗೆ ಜ್ವರ ಬಂದಾಗ ಹೊದಿಸುತ್ತಿದ್ದ ಹಳದಿ ಹೊದಿಕೆ ಇದೆ. ಅದನ್ನೆಲ್ಲ ಯಾವಳೋ ಒಬ್ಬಳು ಮೆಟ್ಟಿಲ ಮೇಲೆ ಕೂತು ಪರಪರ ಹರಿಯುವುದು, ಆಮೇಲೆ ಊರಿನವರೆಲ್ಲ ಅದರ ಮೇಲೆ ಕೆಸರುಗಾಲು ಒರೆಸುವುದು. ಚೆನ್ನಾಗಿದೆ!

ಹಳೇಬಟ್ಟೆಯ ಕಾಲೊರಸು ನಾನು ನಿನ್ನ ವಯಸ್ಸಿನಿಂದ ಮಾಡುತ್ತಿದ್ದೇನೆ. ನಮ್ಮ ಮನೆಯ ಎರಡು ಬಾಗಿಲಿಗೂ ಅದೇ ಇದೆ. ನೀನು ಒಂದು ದಿನವಾದರೂ ಅದನ್ನು ಸ್ಕೇಲಿಟ್ಟು ಅಳೆದೆಯಾ? ಬಾಗಿಲ ಪಕ್ಕದ ಕಪಾಟಿನಲ್ಲಿ ಇಡೋಣ ಅಂದೆಯಾ? ನಾನು ಮಾಡಿದರೆ ಹಳೇಬಟ್ಟೆ. ದೊಡ್ಡಮ್ಮ ಮಾಡಿದರೆ ಕೈಕೆಲಸ.

ನಿನ್ನ ರಜೆಯ ದಿನ ನಾನು ಬಸ್ಸಿನ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತಿದ್ದೆ. ಇನ್ನು ನಿಲ್ಲುವುದಿಲ್ಲ, ನಿನಗೆ ನಿರಾಳ.

ಅಮ್ಮ


ಆಗಸ್ಟ್ 11

ಅಮ್ಮಾ,

ಹೊಲಿಗೆ ಕಲಿಸುವಾಗ ನಾನು ಎದ್ದು ಓಡ್ತಿದ್ದೆ ಅಂತ ನೀನು ಬರೆದೆ. ಯಾಕೆ ಓಡಿದೆ ಅಂತ ಬರೀಲಿಲ್ಲ. 'ನಿನ್ನದು ಕೈಯಲ್ಲ, ಸೌಟು' ಅಂತ ಗಿರಾಕಿಗಳ ಮುಂದೆ ಅಂದಿದ್ದು ಯಾರು? ಎಷ್ಟು ಪ್ರಯತ್ನ ಪಟ್ಟರೂ ನಿನ್ನ ಹಾಗೆ ಬರ್ತಿರಲಿಲ್ಲ. ನಿನ್ನ ಪಕ್ಕದಲ್ಲೇ ಕೂತು ನಿನ್ನ ಕೈನೇ ನೋಡ್ತಿದ್ದೆ, ಆದರೂ ನನ್ನ ಕೈ ತಿರುಚಿಕೊಳ್ಳೋದು. ಈಗಲೂ ಹಾಗೇ.

ಗಂಟು ಬೇಡ. ಕಪ್ಪು ಬಟ್ಟೆಯಲ್ಲೇ ಮಾಡ್ತೀನಿ.

ಮೊದಲ ಕಾಲೊರಸು ಯಾರಿಗೆ ಕೊಡ್ಲಿ ಅಂತ ಯೋಚನೆ ಮಾಡಿರಲೇ ಇಲ್ಲ, ಅದು ನಿನಗೇ ಅಂತ ಮೊದಲಿನಿಂದ ಇತ್ತು. ಕಳಿಸಿದ್ದೀನಿ. ಬೇಡದಿದ್ರೆ ಅಪ್ಪನ ಅಂಗಡಿ ಬಾಗಿಲಿಗೆ ಹಾಕು.

ಗುಂಡಿ


ಆಗಸ್ಟ್ 27

ಮಾನ್ಯ ಯಜಮಾನಿಯವರಿಗೆ,

ನಾನು ನಿಮ್ಮ ಮಹಡಿಯ ರೂಮಿನಲ್ಲಿರುವ ಹುಡುಗಿಯ ತಾಯಿ. ಹೆತ್ತ ತಾಯಿ.

ನನ್ನ ಮಗಳನ್ನು ನೀವು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಂತೆ. ನಾನು ಎಷ್ಟೋ ವರ್ಷ ಪಾಡುಪಟ್ಟು ಕಲಿಸಲಾಗದ್ದನ್ನು ನೀವು ಮೂರೇ ವಾರದಲ್ಲಿ ಕಲಿಸಿದಿರಂತೆ. ನಿಮ್ಮ ಕೈಗುಣಕ್ಕೆ ನಮಸ್ಕಾರ. ನಿಮ್ಮದು ಗಾಯ ಮುಚ್ಚುವ ಹೊಲಿಗೆಯಂತೆ. ನನ್ನದು ಬರೀ ಅಂಗಿ ಮುಚ್ಚುವ ಹೊಲಿಗೆ. ಎಲ್ಲಿಯ ಹೋಲಿಕೆ!

ಒಂದು ವಿನಂತಿ. ಅವಳಿಗೆ ಬಾಡಿಗೆ ರೂಮು ಕೊಟ್ಟಿದ್ದೀರಿ, ರಜೆಯ ದಿನವನ್ನೂ ಬಾಡಿಗೆಗೆ ತೆಗೆದುಕೊಂಡಿಲ್ಲ ತಾನೇ? ಒಂದು ಭಾನುವಾರವಾದರೂ ಅವಳನ್ನು ನಿಮ್ಮ ಮೆಟ್ಟಿಲಿನಿಂದ ಎಬ್ಬಿಸಿ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಅವಳು ಕಳಿಸಿದ ಕಾಲೊರಸಿನ ಪೊಟ್ಟಣ ಬಂದಿದೆ. ಬಿಚ್ಚಿಲ್ಲ. ನಿಮ್ಮ ಕೈ ನೋಡಿ ನಾನೇನು ಮಾಡಲಿ?

ಇಂತಿ ನಮಸ್ಕಾರಗಳು,
ಟೈಲರ್


ಸೆಪ್ಟೆಂಬರ್ 5

ಟೈಲರಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಎಷ್ಟು ವರ್ಷವಾಯಿತು ಇಷ್ಟು ಚೆಂದವಾಗಿ ಯಾರಾದರೂ ನನ್ನನ್ನು ಬೈದು! ಎರಡು ಸಲ ಓದಿದೆ. ಒಮ್ಮೆ ಮಾತಿಗೆ, ಒಮ್ಮೆ ಶಾಯಿಗೆ. ಶಾಯಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ದೂರು ಕೇಳಿ. ನೀವು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೀರಿ. ನ್ಯಾಯವಾಗಿ ಅದನ್ನು ಪಡಬೇಕಾದವಳು ನಾನು. ನಿಮ್ಮ ಮಗಳು ನನ್ನ ಮೆಟ್ಟಿಲ ಮೇಲೆ ಕೂತಿರುತ್ತಾಳೆ, ನಿಜ. ಬಾಯಿ ಬಿಟ್ಟರೆ ಏನು ಬರುತ್ತದೆ ಗೊತ್ತೇ? 'ನಮ್ಮಮ್ಮ ಪಟ್ಟಿ ಇಷ್ಟು ಅಗಲ ಹರಿಯಲ್ಲ.' 'ನಮ್ಮಮ್ಮ ದಾರಕ್ಕೆ ಮೇಣ ಸವರ್ತಾಳೆ.' 'ನಮ್ಮಮ್ಮ ಗಂಟು ಒಳಗೆ ಮುಚ್ಚಿಡ್ತಾಳೆ.' ಒಂದು ದಿನ ನನಗೆ ರೇಗಿ, 'ಹಾಗಾದ್ರೆ ನಿಮ್ಮಮ್ಮನ ಮೆಟ್ಟಿಲಿಗೇ ಹೋಗಮ್ಮ' ಅಂದೆ. ನಕ್ಕಳು. ನನಗೂ ಒಬ್ಬ ಮಗಳಿದ್ದಾಳೆ, ದೂರದಲ್ಲಿದ್ದಾಳೆ. ಅವಳು ಯಾರ ಮುಂದಾದರೂ ಕೂತು 'ನಮ್ಮಮ್ಮ ಹೀಗೆ ಮಾಡ್ತಿದ್ದಳು' ಅನ್ನುತ್ತಾಳೋ ಇಲ್ಲವೋ ನನಗೆ ತಿಳಿಯದು. ಇರಲಿ.

ನಾನು ಅವಳಿಗೆ ಕಲಿಸಿದ್ದು ಏನೂ ಇಲ್ಲ. 'ಮಾಡೋಣ ಬಾ' ಅಂದದ್ದು ಮಾತ್ರ ನಾನು. ಕೂತ ಮೊದಲ ದಿನವೇ ಅವಳಿಗೆ ಎಲ್ಲ ಗೊತ್ತಿತ್ತು. ಒಂದೇ ತಕರಾರು. ಜಡೆಯನ್ನು ಅವಳು ಎಡಕ್ಕೆ ಸುತ್ತುತ್ತಾಳೆ. ಬಲಗೈಯಲ್ಲಿ ಸೂಜಿ ಹಿಡಿದವರು ಬಲಕ್ಕೆ ಸುತ್ತಬೇಕು, ಆಗ ಸೂಜಿ ತಾನಾಗಿ ಬರುತ್ತದೆ. ಎಡಕ್ಕೆ ಸುತ್ತಿದರೆ ಪ್ರತಿ ಹೊಲಿಗೆಗೂ ಮಣಿಕಟ್ಟು ತಿರುಚಬೇಕು. ಅದಕ್ಕೇ ಅವಳು ನಿಧಾನ. ಹಗಲೆಲ್ಲ ಅಂಗಿ ಮಡಿಸಿದ ಕೈ ಬೇರೆ. ಹೋದ ವಾರ ಮಣಿಕಟ್ಟು ಊದಿಕೊಂಡು ನಾನು ಪಟ್ಟಿ ಕಟ್ಟಿದೆ. ನಿಮಗೆ ಬರೆಯಬೇಡಿ ಅಂದಿದ್ದಾಳೆ, ಬರೆಯುತ್ತಿದ್ದೇನೆ.

'ಬಲಕ್ಕೆ ಸುತ್ತು ಮಗಳೇ' ಅಂತ ಗೋಗರೆದೆ. ಒಮ್ಮೆ ಸುತ್ತಿದಳು, ಬೇಗ ಬೇಗ ಬಂತು. ಮುಗಿಸಿ, ನೆಲದ ಮೇಲಿಟ್ಟು ನೋಡಿ, ಪೂರ್ತಿ ಬಿಚ್ಚಿಹಾಕಿದಳು. 'ಯಾಕೇ?' ಅಂದರೆ, 'ಇದು ಕಾಲೊರಸಿನ ಹಾಗೆ ಕಾಣಲ್ಲ ದೊಡ್ಡಮ್ಮ. ನಮ್ಮನೆದು ಹೀಗಿರಲ್ಲ' ಅಂದಳು. ಕಾರಣ ಅವಳಿಗೂ ಗೊತ್ತಿಲ್ಲ, ನನಗೂ ಹೊಳೆಯಲಿಲ್ಲ.

ನಿಮ್ಮ ಕಾಗದ ಬಂದಾಗ ಹೊಳೆಯಿತು. ಪುಟದ ತುಂಬ ಅಂಗೈ ಒರೆಸಿದ ಗುರುತು. ನೀವು ಎಡಗೈಯವರು, ಹೌದಲ್ಲ? ಆಸ್ಪತ್ರೆಯಲ್ಲಿ ಹೊಸ ಹುಡುಗಿಯರಿಗೆ ಬ್ಯಾಂಡೇಜು ಸುತ್ತುವುದು ಕಲಿಸುತ್ತಿದ್ದೆ. ಎಡಗೈಯವಳು ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ, ಎದುರಿಗೆ ಕೂರಿಸುತ್ತಿದ್ದೆ. ಎದುರಿಗಿದ್ದರೆ ನನ್ನ ಬಲಗೈ ಅವಳ ಎಡಗೈಗೆ ಕನ್ನಡಿ. ನೀವು ಮಗಳನ್ನು ಮಗ್ಗುಲಲ್ಲೇ ಕೂರಿಸಿಕೊಂಡಿರಬೇಕು. ಅವಳು ನಿಮ್ಮ ಎಡಗೈಯ ಸುತ್ತನ್ನು ತನ್ನ ಬಲಗೈಯಲ್ಲಿ ಹಾಗೇ ಇಳಿಸಿಕೊಂಡಿದ್ದಾಳೆ.

ಇದನ್ನು ಅವಳಿಗೆ ನಾನು ಹೇಳಿಲ್ಲ. ಹೇಳಿದರೂ ಕೇಳುವುದಿಲ್ಲ. ಕಪಾಟು ತುಂಬುವುದಕ್ಕೆ ಉಳಿದಿರುವ ದಿನ ಕಡಿಮೆ. ಹೀಗೇ ಹೋದರೆ ಕಪಾಟೂ ಹೋಗುತ್ತದೆ, ಕೈಯೂ ಹೋಗುತ್ತದೆ. ಬಲಕ್ಕೆ ಸುತ್ತು ಅಂತ ನೀವು ಹೇಳಿದರೆ ಸುತ್ತುತ್ತಾಳೆ. ನೀವು ಹೇಳಿದರೆ ಮಾತ್ರ. ಈ ಒಂದು ಸಾಲು ಬರೆಯಲು ನನಗೆಷ್ಟು ಉರಿಯಿತು ಅಂತ ನಿಮಗೆ ಅರ್ಥವಾದೀತು ಅಂದುಕೊಂಡಿದ್ದೇನೆ.

ಪೊಟ್ಟಣ ಬಿಚ್ಚಿ ನೋಡಿ. ಅದರಲ್ಲಿ ನನ್ನ ಕೈ ಇಲ್ಲ.

ಇಂತಿ,
ಊರಿಗೆಲ್ಲ ದೊಡ್ಡಮ್ಮ


ಸೆಪ್ಟೆಂಬರ್ 16

ನನ್ನ ಗುಂಡಿಗೆ,

ಮೊದಲು ಕೈ ಹೇಗಿದೆ ಹೇಳು. ಯಾರು ಬರೆದರು ಅಂತ ಕೇಳಬೇಡ.

ನಿನ್ನ ಪೊಟ್ಟಣ ಬಂದು ಕಪಾಟಿನ ಮೇಲೆ ಕೂತಿತ್ತು. ನಾನು ಅದರ ಕಡೆ ನೋಡುತ್ತಿರಲಿಲ್ಲ, ಅದೂ ನನ್ನ ಕಡೆ ನೋಡುತ್ತಿರಲಿಲ್ಲ. ನಿಮ್ಮ ದೊಡ್ಡಮ್ಮನ ಕಾಗದ ಬಂದ ದಿನ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದೆ. ಕಾಲೊರಸನ್ನು ನೆಲಕ್ಕೆ ಹಾಕಿದೆ. ಅಷ್ಟರಲ್ಲಿ ನಿಮ್ಮಪ್ಪ ಊಟಕ್ಕೆ ಬಂದರು. ಅವರ ಕಸುಬು ನಿನಗೆ ಗೊತ್ತಲ್ಲ, ಊರಿನ ಯಾವ ತಲೆಯ ಸುಳಿ ಯಾವ ಕಡೆ ತಿರುಗಿದೆ ಅಂತ ಬಾಯಿಪಾಠ. ನಿಂತಲ್ಲೇ ಬಗ್ಗಿ ನೋಡಿ, 'ಇದರ ಸುಳಿ ಎಡಕ್ಕಿದೆ. ಇದನ್ನ ಯಾವಾಗ ಮಾಡಿದೆ ನೀನು?' ಅಂದರು.

'ನಾನಲ್ಲ, ನಿಮ್ಮ ಮಗಳು' ಅಂದೆ.

'ಸುಮ್ನಿರೇ, ನಿನ್ನ ಕೈ ನನಗೆ ಗೊತ್ತಾಗಲ್ವಾ?'

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಗುಂಡಿ, ಈಗ ನಾನು ಹೇಳಬೇಕಾದ್ದನ್ನು ಒಂದು ವಾರದಿಂದ ಹೇಳದೇ ಇಟ್ಟುಕೊಂಡಿದ್ದೆ. ನಿನ್ನ ಕೈ ಸೌಟಲ್ಲ. ನಾನು ನಿನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕಲಿಸಿದೆ. ನಾನು ಎಡಗೈಯವಳು, ನೀನು ಬಲಗೈಯವಳು. ನನಗೆ ಸಲೀಸಾದ ಸುತ್ತು ನಿನಗೆ ಉಲ್ಟಾ. ಅದನ್ನೇ ಇಷ್ಟು ದಿನ ಹೊತ್ತುಕೊಂಡು ಹೋಗಿ ಮಣಿಕಟ್ಟು ಊದಿಸಿಕೊಂಡೆ. ಬಲಕ್ಕೆ ಸುತ್ತು. ಬೇಗ ಬರುತ್ತದೆ, ನೋವೂ ಇರುವುದಿಲ್ಲ, ಕಪಾಟೂ ತುಂಬುತ್ತದೆ.

ಯಾಕೆ ಒಂದು ವಾರ ಸುಮ್ಮನಿದ್ದೆ? ಸಾವಿರ ಕಾಲೊರಸಿನ ನಡುವೆ ಎಸೆದರೂ ಇದು ನನ್ನ ಮಗಳದು ಅಂತ ಹೆಕ್ಕಬಹುದು, ಅದಕ್ಕೆ. ನೀನು ಬಲಕ್ಕೆ ಸುತ್ತಿದರೆ ಎಲ್ಲರ ಹಾಗೆ ಆಗುತ್ತದೆ. ನಿಮ್ಮ ದೊಡ್ಡಮ್ಮನ ಹಾಗೆ ಆಗುತ್ತದೆ! ಆ ಯೋಚನೆ ಬಂದಾಗಲೆಲ್ಲ 'ನಾಳೆ ಬರೆಯೋಣ' ಅಂದುಕೊಂಡೆ. ನಾಳೆ ಬಂದಾಗ ನಿನ್ನ ಕೈಯ ಪಟ್ಟಿ ನೆನಪಾಗುತ್ತಿತ್ತು.

ಕಡೆಗೆ ನಿನ್ನೆ ಮಧ್ಯಾಹ್ನ ಪಟ್ಟಿ, ಸೂಜಿ ತೆಗೆದುಕೊಂಡು ನಿಮ್ಮಪ್ಪನ ಅಂಗಡಿಗೆ ಹೋದೆ. ದೊಡ್ಡ ಕನ್ನಡಿಯ ಮುಂದೆ ಗಿರಾಕಿಯ ಕುರ್ಚಿಯಲ್ಲಿ ಕೂತು ಸುತ್ತತೊಡಗಿದೆ. ಮುಖದ ತುಂಬ ನೊರೆ ಹಚ್ಚಿಕೊಂಡ ಒಬ್ಬ ಪಾಪದವನು ಬೆಂಚಿನ ಮೇಲೆ ಕಾಯುತ್ತಿದ್ದ. 'ನೊರೆ ಒಣಗ್ತಾ ಇದೆ ಅಕ್ಕಾ' ಅಂದ. 'ಒಣಗಲಿ, ಮತ್ತೆ ಹಚ್ಚುತ್ತಾರೆ' ಅಂದೆ. ಕನ್ನಡಿಯೊಳಗೆ ಒಬ್ಬಳು ನನ್ನ ಹಾಗೇ ಕೂತಿದ್ದಳು. ನನ್ನದೇ ಮುಖ, ನನ್ನದೇ ರವಿಕೆ. ಆದರೆ ಬಲಗೈಯವಳು. ಬಲಕ್ಕೆ ಸುತ್ತುತ್ತಿದ್ದಳು. ಸೂಜಿ ಎಷ್ಟು ಸಲೀಸಾಗಿ ಬರುತ್ತಿತ್ತು ಅಂತೀಯ! ನಿನಗೆ ಕಲಿಸಬೇಕಾಗಿದ್ದವಳು ಅವಳು. ಅವಳ ಮೇಲೂ ನನಗೆ ಹೊಟ್ಟೆ ಉರಿಯಿತು. ಆಮೇಲೆ ಅನ್ನಿಸಿತು, ಅವಳ ಹತ್ತಿರ ನಿನ್ನನ್ನು ಕಳಿಸುವುದು ಬೇಡ, ನಾನೇ ನಿನ್ನ ಎದುರಿಗೆ ಬಂದು ಕೂತರೆ ಅವಳೂ ನಾನೇ.

ಭಾನುವಾರ ಬರುತ್ತಿದ್ದೇನೆ. ಗಂಟು ತರುತ್ತೇನೆ. ಪಟ್ಟಿಗಳನ್ನು ನಾನೇ ಹರಿದು ಇಟ್ಟಿದ್ದೇನೆ. ಅವು ಬೇರೆಯವರ ಕೈಯಲ್ಲಿ ಹರಿಯುವುದು ನನಗೆ ಬೇಡ. ಹಳದಿ ಹೊದಿಕೆ ಹರಿಯುವಾಗ ಪರ್ ಅಂದ ಸದ್ದಿಗೆ ನಿಮ್ಮಪ್ಪ ಎದ್ದು ಹೊರಗೆ ಹೋದರು. ನೀಲಿ ಲಂಗ ಹರಿಯಲಿಲ್ಲ. ಅದನ್ನು ಕೇಳಬೇಡ.

ಕಪಾಟಿಗೆ ಹೋಗುವುದೆಲ್ಲ ಬಲಕ್ಕೆ ಸುತ್ತಿರಲಿ, ಕೊಳ್ಳುವವರಿಗೆ ಎಡವೇನು ಬಲವೇನು. ಎಡಕ್ಕೆ ಸುತ್ತಿದ್ದು ಇದೊಂದು ನನ್ನ ಹತ್ತಿರ ಇರುತ್ತದೆ. ನೀನು ಹೇಳಿದ ಹಾಗೆ ಬಾಗಿಲಿಗೇ ಹಾಕಿದ್ದೇನೆ, ಆದರೆ ಅಂಗಡಿಯ ಬಾಗಿಲಿಗಲ್ಲ, ಮನೆಯದಕ್ಕೆ. ಯಾರೂ ಅದರ ಮೇಲೆ ಕಾಲಿಡುವ ಹಾಗಿಲ್ಲ. ನಿಮ್ಮಪ್ಪ ದಿನಾ ಚಪ್ಪಲಿ ಬಿಟ್ಟು, 'ಕಾಲೊರಸು ಇರೋ ಮನೇಲಿ ಕಾಲು ಒರೆಸೋಕೆ ಜಾಗ ಇಲ್ಲ' ಅಂತ ಗೊಣಗುತ್ತಾ ಅದನ್ನು ದಾಟಿಕೊಂಡು ಒಳಗೆ ಬರುತ್ತಾರೆ.

ನಿಮ್ಮ ದೊಡ್ಡಮ್ಮನಿಗೆ ಹೇಳು, ಮೆಟ್ಟಿಲು ಬೇಡ, ಕುರ್ಚಿ ಹಾಕಲಿ. ನಿನ್ನ ಎದುರಿನದು ನನ್ನದು. ಅವರದನ್ನು ಪಕ್ಕಕ್ಕೆ ಹಾಕಿಕೊಳ್ಳಲಿ. ತೀರಾ ಪಕ್ಕಕ್ಕೆ ಬೇಡ, ಸ್ವಲ್ಪ ಆಚೆ.

ಎಡಗೈಯ,
ನಿನ್ನ ಅಮ್ಮ